ಶಾವಿಗೆ ಯಂತ್ರದ ಹಲ್ಲಿನ ಗಾಲಿ

ದುಂಡಸಿಯ ಸಾವಂತ್ರವ್ವ ಕೂತಿದ್ದನ್ನು ನೋಡಿದವರು ಕಡಿಮೆ. ಮಾತಾಡಲು ಹೋದರೆ ನಾವೇ ಅವಳ ಹಿಂದೆ ಹಿತ್ತಲಿಗೂ ಪಡಸಾಲೆಗೂ ಅಡ್ಡಾಡಬೇಕು. ಅವಳು ಒಂದೆಡೆ ನಿಲ್ಲುತ್ತಿದ್ದುದು ಶಾವಿಗೆ ಯಂತ್ರದ ಮುಂದೆ ಮಾತ್ರ. ಮದುವೆಯಾಗಿ ಬಂದ ಹೊಸದರಲ್ಲಿ ಕೊಂಡ ಎರಕದ ಯಂತ್ರ ಅದು. ಮೇಲಿನ ಬಾಯಿಗೆ ಕಣಕ ಹಾಕಿ ಪಕ್ಕದ ಹಿಡಿಕೆ ತಿರುವಿದರೆ, ತೂತಿನ ಬಿಲ್ಲೆಯಿಂದ ಶಾವಿಗೆ ಎಳೆಯೆಳೆಯಾಗಿ ಇಳಿಯುತ್ತದೆ. ಊರಿನ ಮನೆಗಳಿಗಷ್ಟೇ ಅಲ್ಲ, ಹುಲಗೂರಿನ ಎಷ್ಟೋ ಮನೆಗಳಿಗೂ ಹಬ್ಬಕ್ಕೆ ಅವಳದೇ ಶಾವಿಗೆ ಆಗಬೇಕು.

ಹೋದ ಚಳಿಗಾಲದಲ್ಲಿ ಅವಳ ಬಲಭುಜ ಕೈಕೊಟ್ಟಿತು. ಸವಣೂರಿನಲ್ಲಿ ತೋರಿಸಿದಾಗ ಡಾಕ್ಟರು, ಇನ್ನು ಹಿಡಿಕೆ ತಿರುವುವ ಕೆಲಸ ಬಿಡಬೇಕು ಎಂದರು. ಅಷ್ಟರಲ್ಲಿ ಅವಳು ಹುಲಗೂರಿನ ಮುಮ್ತಾಜಬೇಗಂಗೆ ಶಾವಿಗೆ ಮಾಡಿಕೊಡುವ ಮಾತು ಕೊಟ್ಟಾಗಿತ್ತು. ಈ ಸಲ ಯುಗಾದಿಯ ಬೆನ್ನಿಗೇ ರಂಜಾನ್ ಬಿದ್ದಿತ್ತು. ಎರಡೂ ಹಬ್ಬಕ್ಕೆ ಶಾವಿಗೆ ಬೇಕು.

"ಅತ್ತಿ, ತಡಸದಾಗ ಕರೆಂಟಿನ ಮಷೀನ್ ಬಂದೈತಿ. ಅವರು ಅಲ್ಲೇ ಮಾಡಿಸ್ಕೊಳ್ತಾರ ಬಿಡ್ರಿ. ನೀವು ಇದನ್ನ ಯಾರಿಗಾರ ಕೊಟ್ಟು ಆರಾಮ ಕುಂದರ್ರಿ," ಎಂದಳು ಸೊಸೆ ಮಾಲಾ. ಅವಳು ಬೆಳಗ್ಗೆದ್ದು ಶಿಗ್ಗಾಂವಿಗೆ ಹೊಲಿಗೆ ಕೆಲಸಕ್ಕೆ ಹೋಗುವವಳು.

"ಕುಂದರಾಕ ಬಂದಿದ್ರ ಇಷ್ಟೊತ್ತಿಗೆ ಕುಂದರ್ತಿದ್ದಿಲ್ಲೇನು?" ಎಂದಳು ಸಾವಂತ್ರವ್ವ.

ಕೈ ಹೋದರೇನು, ಕಾಲು ಗಟ್ಟಿ ಇದ್ದವು. ಗೋಡೆಗೆ ಒರಗಿದ್ದ ಗಂಡನ ಹಳೆಯ ಸೈಕಲ್ಲಿನ ಮೇಲೆ ಅವಳ ಕಣ್ಣು ಬಿತ್ತು. ಪೆಡಲ್ ತುಳಿದರೆ ಗಾಲಿ ತಿರುಗುತ್ತದೆ. ಗಾಲಿಯ ಜಾಗದಲ್ಲಿ ಯಂತ್ರ ಕೂರಿಸಿದರೆ ಅದೂ ತಿರುಗಬೇಕಲ್ಲ? ಗಂಡ ಗುದ್ಲೆಪ್ಪ ನಕ್ಕ. "ನಾ ಹೊಡಿಯೋವಾಗ ಒಮ್ಮಿನೂ ಅದರ ಮ್ಯಾಲ ಹತ್ತಿದಾಕಿ ಅಲ್ಲ. ಈಗ ಹತ್ತಿ ಎಲ್ಲಿಗೆ ಹೋಗಾಕಿ?"

ಸೈಕಲ್ಲನ್ನೂ ಯಂತ್ರವನ್ನೂ ಶಿಗ್ಗಾಂವಿಯ ಹಸನಸಾಬನ ಲೇಥ್ ಅಂಗಡಿಗೆ ಒಯ್ದಳು. ಟ್ರಾಕ್ಟರಿನ ಬಿಡಿಭಾಗ ಕಡೆಯುವ ಅವನಿಗೆ ಶಾವಿಗೆಯ ಕೆಲಸ ಕೇಳಿ ಮೋಜೆನಿಸಿತು. ಯಂತ್ರದ ಹಿಡಿಕೆ ಕಳಚಿದ. ಅದು ಕೂರುತ್ತಿದ್ದ ದಂಡದ ತುದಿ ಚೌಕಾಗಿತ್ತು.

"ಅಕ್ಕಾರ, ಹೊಸಾ ಹಲ್ಲಿನ ಗಾಲಿ ಯಾಕ ಕಡೀಬೇಕು? ಸೈಕಲ್ಲಿನ ಹಿಂದಿನ ಗಾಲಿಗೆ ಚೈನು ಕೂಡೋ ಫ್ರೀವೀಲ್ ಐತಲ್ಲ, ಅದನ್ನ ಕೂಡಸ್ತೇನಿ," ಎಂದ.

ಅವಳು ಹೂಂ ಎಂದಳು. ಸೈಕಲ್ಲಿಗೆ ಇದ್ದದ್ದೇ ಸೈಕಲ್ಲಿಗೆ ಸರಿ ಎಂದು ಇಬ್ಬರಿಗೂ ಅನಿಸಿತ್ತು. ಅವನು ಸೈಕಲ್ಲಿನ ಎರಡೂ ಗಾಲಿ ಬಿಚ್ಚಿ, ಚೌಕಟ್ಟನ್ನು ಹಲಗೆಯ ಮೇಲೆ ನಿಲ್ಲಿಸಿ, ಹಿಂದಿನ ಗಾಲಿಯ ಜಾಗದಲ್ಲಿ ಯಂತ್ರ ಬಿಗಿದು ಕೊಟ್ಟ.

ಮನೆಯಲ್ಲಿ ಅವಳು ಯಂತ್ರಕ್ಕೆ ವಿಭೂತಿ ಹಚ್ಚಿ, ಶಿವನ ಹೆಸರು ಹೇಳಿ ತುಳಿದಳು. ನಾಲ್ಕು ಎಳೆ ಭರ್ರನೆ ಇಳಿದವು. ಐದನೆಯದಕ್ಕೆ ಕಣಕ ಕಚ್ಚಿಕೊಂಡು ಪೆಡಲ್ ಕಲ್ಲಾಯಿತು. ಹಿಂದಕ್ಕೆ ತುಳಿದರೆ ಕರಕರ ಸದ್ದು ಮಾತ್ರ, ಯಂತ್ರ ಕದಲಲಿಲ್ಲ. ಬಿಲ್ಲೆ ಬಿಚ್ಚಿ, ಕಡ್ಡಿ ಹಾಕಿ ಕಣಕ ತೆಗೆದಳು. ಮತ್ತೆ ತುಳಿದಳು, ಮತ್ತೆ ಕಚ್ಚಿತು. ಕಣಕ ಮೆದು ಮಾಡಿದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾದವು.

"ಶಾವಗಿ ಎಲ್ಲೈತಿ? ಬರೇ ಸವಾರಿನ ಕಾಣ್ತೈತಿ," ಎಂದ ಗುದ್ಲೆಪ್ಪ. ಅವಳು ಯಂತ್ರ ಬಿಚ್ಚಿ, ಹಿಡಿಕೆ, ಚೈನುಗಳ ಜತೆಗೆ ಚೀಲಕ್ಕೆ ತುಂಬತೊಡಗಿದಳು. ಹಬ್ಬ ಹತ್ತಿರ ಬಂದಿತ್ತು. ಒಣಗಲು ಬಿಸಿಲಿನ ದಿನಗಳು ಬೇಕು. ಮರುದಿನ ಹೊತ್ತೇರುವ ಮೊದಲೇ ಬಸ್ ಹತ್ತಿದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋದಳಂತೆ.

ಹಸನಸಾಬ ರಂಜಾನಿನ ಉಪವಾಸ, ರೋಜಾ, ಹಿಡಿದಿದ್ದ. ಬಾಯಿ ಒಣಗಿತ್ತು, ಸಿಟ್ಟು ಮೂಗಿನ ತುದಿಯಲ್ಲಿತ್ತು. "ನನ್ನ ಕೆಲಸದಾಗ ತಪ್ಪಿಲ್ರಿ ಅಕ್ಕಾರ. ನಿಮ್ಮ ಹಿಟ್ಟಿನಾಗ ಐತಿ."

"ನನ್ನ ಹಿಟ್ಟಿಗೆ ಹೆಸರಿಡಬ್ಯಾಡ್ರಿ ಹಸನಸಾಬ್ರ. ಕೈಲೆ ತಿರವಿದ್ರ ಒಂದೂ ದಿನ ಕಚ್ಚಿಲ್ಲ."

"ಹಂಗಾರ ಕೈಲೇ ತಿರವಿ ತೋರಸ್ರಿ ನೋಡೂಣು."

ಅವಳು ಹಿಡಿಕೆ ಸಿಕ್ಕಿಸಿ, ತಂದಿದ್ದ ಡಬ್ಬಿಯಿಂದ ಕಣಕ ತೆಗೆದು, ಎಡಗೈಯಿಂದ ತಿರುವಿದಳು. ಎಳೆಗಳು ಇಳಿದವು. ಹಸನಸಾಬ ಬಗ್ಗಿ ನೋಡುತ್ತಿದ್ದವನು ತಟ್ಟನೆ ಕೈ ಎತ್ತಿದ.

"ತಡೀರಿ. ಈಗ ಹಿಂದಕ ಯಾಕ ತಿರವಿದ್ರಿ?"

"ಎಲ್ಲಿ ತಿರವಿದೆ? ಮುಂದಕ ತಿರವಾಕತ್ತೇನಿ."

"ಇನ್ನೊಮ್ಮಿ ಮಾಡ್ರಿ."

ಅವಳು ತನ್ನ ಕೈಯನ್ನೇ ನೋಡುತ್ತ ತಿರುವಿದಳು. ಹೊಸ ಉಂಡೆ ಬಾಯಿಗೆ ಬಿದ್ದ ಕೂಡಲೇ ಕೈ ತಾನಾಗಿ ಅರ್ಧ ಸುತ್ತು ಹಿಂದಕ್ಕೆ ಬಂದು, ಕಣಕ ಸಡಿಲಾದ ಮೇಲೆ ಮುಂದಕ್ಕೆ ಹೋಯಿತು. ಅವಳ ತಾಯಿಯೂ ಹಾಗೇ ತಿರುವುತ್ತಿದ್ದಿರಬೇಕು. ಹೀಗೆ ಮಾಡು ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

"ಅಯ್ ಶಿವನ!" ಎಂದಳು. "ಇದು ನನಗ ಗೊತ್ತಾ ಇದ್ದಿಲ್ಲ ನೋಡ್ರಿ."

ಹಸನಸಾಬ ಜೋರಾಗಿ ನಕ್ಕ. "ಫ್ರೀವೀಲ್ ಮುಂದಕ್ಕಷ್ಟ ಎಳೀತೈತಿ. ಹಿಂದಕ ತುಳದ್ರ ಬರೇ ಕರಕರ. ಅದೂ ಅಲ್ಲದ ಅದು ಸಣ್ಣದು, ಯಂತ್ರ ಓಡಿಬಿಡ್ತೈತಿ. ನಿಮಗ ಬ್ಯಾರೇನ ಕಡೀಬೇಕು: ದೊಡ್ಡದು, ಗಟ್ಟೇದು, ಹಿಂದೂ ಮುಂದೂ ಕಾಲು ಹೇಳಿದಂಗ ಕೇಳೂದು."

"ಇವತ್ತ ಆಗಬೇಕು."

"ರೋಜಾದಾಗ ಜೀವಾ ತಿನ್ನಬ್ಯಾಡ್ರಿ," ಎಂದರೂ ಅವನು ತಗಡಿನ ಕಪಾಟಿನಿಂದ ದಪ್ಪ ಕಬ್ಬಿಣದ ಹಾಳೆಯೊಂದನ್ನು ಎಳೆದ.

ಊಟದ ತಟ್ಟೆಯಷ್ಟು ಅಗಲದ ಬಿಲ್ಲೆಯನ್ನು ಲೇಥಿನಲ್ಲಿ ಕಡೆದ. ಅಂಚಿನುದ್ದಕ್ಕೂ ಚೈನಿನ ಅಳತೆಗೆ ತೂತು ಕೊರೆದು, ಹೊರಭಾಗ ಕತ್ತರಿಸಿ ಹಲ್ಲು ಬಿಡಿಸಿದ. ಚೈನು ಸುತ್ತಿ ನೋಡಿದರೆ ಒಂದು ಕಡೆ ಏರಿ ನಿಂತಿತು; ಅಲ್ಲಿ ಮತ್ತೆ ಅರ ಹಾಕಿ ಉಜ್ಜಿದ. ನಡುವಿನ ದುಂಡು ತೂತನ್ನು ಚೌಕ ಮಾಡಲು ಮಾತ್ರ ಯಾವ ಯಂತ್ರವೂ ಇರಲಿಲ್ಲ. ಒಂದೊಂದೇ ಮೂಲೆಯನ್ನು ಅರದಿಂದ ತಿದ್ದುತ್ತ, ದಂಡಕ್ಕೆ ಸಿಕ್ಕಿಸಿ ನೋಡುತ್ತ, ಮತ್ತೆ ತಿದ್ದುತ್ತ ಹೋದ. ಸಾವಂತ್ರವ್ವ ಅಂಗಡಿಯ ಒಳಗೂ ಹೊರಗೂ ತಿರುಗುತ್ತಿದ್ದಳು.

"ಕುಂತ್ಕೋರಿ ಅಕ್ಕಾರ. ನೀವು ಅಡ್ಡಾಡೂದು ನೋಡಿ ನನ್ನ ಅರ ಜಾರಾಕತ್ತೈತಿ."

ಸಂಜೆಯ ಹೊತ್ತಿಗೆ ಗಾಲಿ ದಂಡಕ್ಕೆ ಬಿಗಿಯಾಗಿ ಕೂತಿತು. ಹಸನಸಾಬ ಅದನ್ನು ಕೈಯಲ್ಲೇ ಇಟ್ಟುಕೊಂಡು, "ಇದು ಮೆತ್ತನ್ನ ಕಬ್ಬಿಣ. ಕಾಸಿ ಹದಾ ಮಾಡಬೇಕು. ಎರಡು ದಿನ ಬಿಟ್ಟ ಹೋಗ್ರಿ, ಇಲ್ಲಂದ್ರ ಹಲ್ಲು ಲಗೂನ ಸವೀತಾವ," ಎಂದ.

"ಹಬ್ಬ ಎರಡು ದಿನ ಮುಂದ ಹೋಗತಾವೇನು? ಸವೀಲಿ. ಸವದ ಮ್ಯಾಲ ಹದಾ ಮಾಡ್ರಂತ." ಗಾಲಿ ಕಸಿದುಕೊಂಡು ಚೀಲಕ್ಕೆ ಹಾಕಿ ಬಸ್ಸಿಗೆ ನಡೆದೇಬಿಟ್ಟಳು.

ಮರುದಿನ ಬೆಳಗ್ಗೆ ಯಂತ್ರವನ್ನು ಮತ್ತೆ ಚೌಕಟ್ಟಿಗೆ ಬಿಗಿದು ತುಳಿಯತೊಡಗಿದಳು. ಕಣಕ ಕಚ್ಚುವ ಮೊದಲೇ ಹಿಮ್ಮಡಿ ಹಿಂದಕ್ಕೆ ಒತ್ತುವುದನ್ನು ಕಾಲಿಗೆ ಕಲಿಸಬೇಕಾಯಿತು. ಕೈಗೆ ತಾನಾಗಿ ಬರುತ್ತಿದ್ದುದು ಕಾಲಿಗೆ ಬರುತ್ತಿರಲಿಲ್ಲ. ಮರೆತಾಗೆಲ್ಲ ಯಂತ್ರ ನಿಂತು, ಅವಳು ಬೈದುಕೊಂಡು, ಹಿಂದಕ್ಕೆ ಒತ್ತಿ, ಮತ್ತೆ ಹೊರಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಳೆ ತುಂಡಾಗದೆ ಇಳಿಯತೊಡಗಿತು.

ಮೂರನೆಯ ದಿನ ಮುಮ್ತಾಜಬೇಗಂ ಬಂದಳು. ತಡಸದ ಮಷೀನಿಗೆ ಹೋಗಬೇಕೋ ಬೇಡವೋ ಎಂದು ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಯಾವೂರಿಗೆ ಹೊಂಟಿ ಸಾವಂತ್ರಕ್ಕಾ?"

"ನಿಮ್ಮ ಹುಲಗೂರಿಗೇ. ದಾರಿ ಬಿಡು."

ಹಗ್ಗದ ಮೇಲೆ ಒಣಗಿದ ಶಾವಿಗೆ ಎಳೆಗಳನ್ನು ಮುರಿಯದಂತೆ ಬಟ್ಟೆಗೆ ತುಂಬಿಕೊಂಡಳು ಮುಮ್ತಾಜಬೇಗಂ. "ನಮ್ಮದು ಆತಲ್ಲ, ಇನ್ನರ ಇಳಿ. ಒಂದ್ ಗಳಿಗಿ ಕುಂತು ಮಾತಾಡೂಣು."

"ಕುಂತೇ ಇದ್ದೇನಲ್ಲ?" ಎಂದಳು ಸಾವಂತ್ರವ್ವ, ಸೈಕಲ್ಲಿನ ಸೀಟಿನ ಮೇಲಿಂದ. ಊರಿನ ಮನೆಗಳ ಕಣಕ ಇನ್ನೂ ಬುಟ್ಟಿಯಲ್ಲಿತ್ತು. ಗಾಲಿಯ ಹಲ್ಲುಗಳ ತುದಿಗಳು ಆಗಲೇ ಹೊಳೆಯುತ್ತ ಸವೆಯತೊಡಗಿದ್ದವು. ಅವಳು ಮತ್ತೊಂದು ಉಂಡೆ ಹಾಕಿ ತುಳಿಯುತ್ತಲೇ, "ಮಾತಾಡು, ಕೇಳ್ತೇನಿ," ಎಂದಳು.