ಸೆನೆಟರ್ ಮಕ್ಕಳ ಎಡೆ

ಪ್ರಿನ್ಸ್‌ಟನ್ ಹತ್ತಿರದ ಹಳೇ ಸೆನೆಟರೊಬ್ಬನ ಮನೆ ಮ್ಯೂಸಿಯಂ ಆಗಿತ್ತು. ಎಂಜಿನಿಯರ್ ಕೆಲಸದಿಂದ ರಿಟೈರಾದ ಮೇಲೆ ಜಯರಾಮು ಅಲ್ಲಿ ಸಂಬಳವಿಲ್ಲದ ಗೈಡಾಗಿದ್ದರು. ನೂರೈವತ್ತು ವರ್ಷದ ಹಿಂದೆ ಸೆನೆಟರ್ ವಾಷಿಂಗ್ಟನ್ನಿನಲ್ಲಿ ಭಾಷಣ ಬಿಗಿಯುತ್ತಿದ್ದಾಗ, ಇಲ್ಲಿ ಅವನ ಮೂರು ಮಕ್ಕಳೂ ಗಂಟಲಮಾರಿಗೆ ತುತ್ತಾದವು. ಅಪ್ಪ ಬರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ವಂಶ ಅಲ್ಲಿಗೇ ನಿಂತಿತು. ಇಷ್ಟೆಲ್ಲ ಕೇಳಿದ ಜನ, ಕುರ್ಚಿ ಯಾವ ಮರದ್ದೆಂದು ವಿಚಾರಿಸುತ್ತಿದ್ದರು.

ದಿಕ್ಕಿಲ್ಲದ ಮಕ್ಕಳೆಂದು ಜಯರಾಮು ಪ್ರತಿ ಮಹಾಲಯ ಅಮಾವಾಸ್ಯೆಗೆ ಗೋಡೆಯಲ್ಲಿ ಅಪ್ಪನ ಚಿತ್ರದ ಪಕ್ಕದಲ್ಲಿದ್ದ ಅವರ ಚಿತ್ರದ ಮುಂದೆ ಯಾರಿಗೂ ಕಾಣದಂತೆ ಕಜ್ಜಾಯದ ಎಡೆ ಇಡುತ್ತಿದ್ದರು.

“ಯಾರ ಮಕ್ಳಾದ್ರೇನು, ಒಂದ್ಸಲ ಎಡೆ ಇಟ್ಮೇಲೆ ಬಿಡೋ ಹಾಗಿಲ್ಲ ಕಣ್ರೀ,” ಎಂದು ಹೆಂಡತಿ ದೇವಮ್ಮ ಗೊಣಗುತ್ತಲೇ ಕರಿದುಕೊಡುತ್ತಿದ್ದರು.

ಈ ಅಮಾವಾಸ್ಯೆ ಡಬ್ಬಿ ಹಿಡಿದು ಹೋದರೆ ಬಾಗಿಲಲ್ಲಿ ಎರಡು ಟ್ರಕ್ ನಿಂತಿದ್ದವು. ಮನೆ ಮಾರಾಟವಾಗಿತ್ತು, ಚಿತ್ರಗಳು ಹರಾಜಾಗಿದ್ದವು. ಗೈಡಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಮಕ್ಕಳ ಚಿತ್ರ ಎಲ್ಲಿಗೆ ಎಂದು ಡ್ರೈವರನನ್ನು ಕೇಳಿದರು. ಸೀಕಾಕಸ್ ಗೋದಾಮಿಗೆ ಎಂದ.

“ಅಪ್ಪಂದು?”

“ವಾಷಿಂಗ್ಟನ್.”

ಡಬ್ಬಿ ಇನ್ನೂ ಬಿಸಿಯಿತ್ತು. ಸೆನೆಟರನ ಟ್ರಕ್ಕೇ ಮೊದಲು ಹೊರಟಿತು.