ಅಂಟುವಾಳದ ನೀರಿಗೆ ಬಿದ್ದ ಅಡ್ಡಿಕೆ

ಹೋದ ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಅಮ್ಮ ಕಿರುಚಿದಳು. ಗ್ಯಾಸ್ ಲೀಕ್ ಆಯಿತೋ, ಅಮ್ಮ ಜಾರಿ ಬಿದ್ದಳೋ ಅಂತ ಓಡಿದೆ. ಎರಡೂ ಅಲ್ಲ. ಅಮ್ಮ ಒಂದು ಸ್ಟೀಲ್ ಬಟ್ಟಲು ಹಿಡಿದು ನಿಂತಿದ್ದಳು. ಬಟ್ಟಲಿನ ನೀರು ಕೆಂಪಗಾಗಿತ್ತು. ಒಳಗೆ ನಮ್ಮಜ್ಜಿಯ ಅಡ್ಡಿಕೆ.

ಅಡ್ಡಿಕೆ ಅಂದರೆ ಕುತ್ತಿಗೆಗೆ ಅಂಟಿಕೊಂಡು ಕೂರುವ ಕಲ್ಲಿನ ಹಾರ. (ನನ್ನ ಮಗಳು ಅದಕ್ಕೆ ಚೋಕರ್ ಅನ್ನುತ್ತಾಳೆ.) ಹಿಂದಿನ ದಿನದವರೆಗೂ ದಾಳಿಂಬೆ ಕಾಳಿನ ಹಾಗೆ ಕೆಂಪಗಿದ್ದ ಕಲ್ಲುಗಳು ಈಗ ಕಲ್ಲುಸಕ್ಕರೆಯ ಚೂರುಗಳಂತೆ ಬೆಳ್ಳಗೆ ಕೂತಿದ್ದವು.

"ಮಾಣಿಕ್ಯ ಬಣ್ಣ ಬಿಡತ್ತೇನೇ?" ಅಂದಳು ಅಮ್ಮ.

ಸೀರೆ ಬಣ್ಣ ಬಿಡುವುದನ್ನು ನೋಡಿದ್ದೇನೆ. ಮಾಣಿಕ್ಯ?

ಆಗಿದ್ದಿಷ್ಟು. ಬರುವ ತಿಂಗಳು ನನ್ನ ಮಗಳ ಮದುವೆ. ನಮ್ಮ ಮನೆಯ ಮದುಮಗಳು ಅಡ್ಡಿಕೆ ಹಾಕಿಕೊಳ್ಳಲೇಬೇಕು. ತನ್ನ ಕ್ಯಾಮೆರಾದಲ್ಲಿ ಒಡವೆಯ ಕೊಳೆ ಕೂಡ ಕಾಣುತ್ತದೆ ಅಂತ ಫೋಟೋದವನು ಹೆದರಿಸಿ ಹೋಗಿದ್ದ. ಅಮ್ಮ ಹಬ್ಬದ ಹಿಂದಿನ ದಿನ ತನ್ನ ವಜ್ರದ ಓಲೆಯನ್ನು ಬಿಸಿಬಿಸಿ ಅಂಟುವಾಳದ ನೀರಿನಲ್ಲಿ ನೆನೆಹಾಕಿ, ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜುತ್ತಾಳೆ. ಬಸವನಗುಡಿಯಲ್ಲಿ ವಜ್ರದ ಓಲೆ ಹಾಕುವ ಯಾವ ಹೆಂಗಸನ್ನಾದರೂ ಕೇಳಿ, ಎಲ್ಲರದೂ ಇದೇ ಪದ್ಧತಿ. ಈ ಸಲ ಓಲೆಯ ಹಿಂದೆಯೇ ಅಡ್ಡಿಕೆಯೂ ನೀರಿಗಿಳಿಯಿತು.

ಅಜ್ಜಿ ಬೇಡವೆಂದೇ ಹೇಳಿದ್ದಳು. "ಅಡ್ಡಿಕೆಗೆ ನೀರು ಸೋಕಿಸಬಾರದು, ಲಕ್ಷ್ಮಿ ಹೊರಟುಹೋಗ್ತಾಳೆ" ಅನ್ನುತ್ತಿದ್ದಳು. ನಾವು ಅದನ್ನು ಅಜ್ಜಿಯ ನೂರೆಂಟು ಮಡಿಗಳಲ್ಲಿ ಇನ್ನೊಂದು ಅಂದುಕೊಂಡಿದ್ದೆವು.

ಬಟ್ಟಲು ಕೆಳಗಿಟ್ಟ ಅಮ್ಮನ ಬಾಯಿಂದ ಬಂದ ಮುಂದಿನ ಮಾತು ಮದುವೆಯದ್ದಲ್ಲ. "ಪದ್ಮಂಗೆ ಏನಂತ ಹೇಳ್ಲಿ?"

ಪದ್ಮ ಅಂದರೆ ಅಮ್ಮನ ತಂಗಿ, ಮಲ್ಲೇಶ್ವರದ ನನ್ನ ಚಿಕ್ಕಮ್ಮ. ಅಜ್ಜಿ ತಾನು ಬದುಕಿದ್ದಾಗಲೇ ಒಡವೆ ಹಂಚಿದಳು. ಅಮ್ಮನಿಗೆ ಅಡ್ಡಿಕೆ, ಚಿಕ್ಕಮ್ಮನಿಗೆ ಹಸಿರು ಕಲ್ಲಿನ ಪದಕ. "ಅಕ್ಕಂಗೆ ಮಾಣಿಕ್ಯ, ನಂಗೆ ಈ ಹುಲ್ಲಿನ ಬಣ್ಣದ್ದು!" ಅಂತ ಚಿಕ್ಕಮ್ಮ ನಡುಮನೆಯಲ್ಲಿ ನಿಂತು ಅತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವತ್ತಿನಿಂದ ಅಕ್ಕತಂಗಿಯರ ಮಾತು ಮದುವೆಮನೆಗಳಿಗೆ ಮೀಸಲಾಯಿತು. ಅಲ್ಲೂ ಚಿಕ್ಕಮ್ಮ ಸ್ವಂತ ಅಕ್ಕನನ್ನು "ಊಟ ಆಯ್ತಾ ನಿಮ್ದು?" ಅಂತ ಬಹುವಚನದಲ್ಲಿ ಕೇಳಿ ಮುಂದೆ ಹೋಗುತ್ತಾಳೆ. ಅಜ್ಜಿ ಆಮೇಲೂ ಎಷ್ಟೋ ವರ್ಷ ಇದ್ದಳು. ಎಲ್ಲವನ್ನೂ ನೋಡುತ್ತಲೇ ಇದ್ದಳು.

"ಯಾರೋ ಕಲ್ಲು ಬದಲಾಯಿಸಿದಾರೆ" ಅಂತ ಅಮ್ಮ ತೀರ್ಮಾನ ಕೊಟ್ಟಳು. ಸೋಮವಾರ ಇಬ್ಬರೂ ಚಿಕ್ಕಪೇಟೆಗೆ ಹೊರಟೆವು. ಮೆಟ್ರೋದಿಂದ ಮೇಲೆ ಬಂದು, ಸೀರೆ ಗಂಟು ಹೊತ್ತವರಿಗೆ ದಾರಿ ಬಿಡುತ್ತಾ, ಹಳೇ ಕಟ್ಟಡವೊಂದರ ಮಹಡಿ ಹತ್ತಿದೆವು. ಅಲ್ಲಿ ಕಲ್ಲು ಕೂರಿಸುವ ಆಚಾರ್ರೊಬ್ಬರಿದ್ದಾರೆ. ಅಡ್ಡಿಕೆ ಮಾಡಿದ್ದು ಅವರ ತಾತನೇ. ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದವರು ಅಡ್ಡಿಕೆಯನ್ನು ದೀಪಕ್ಕೆ ಹಿಡಿದರು.

"ಬಿಸಿನೀರಿಗೆ ಹಾಕಿದ್ರಾ? ಒಳಗಿನ ಅರಗು ಕರಗಿ ನೀರು ನುಗ್ಗಿದೆ. ಬಣ್ಣ ಕಲ್ಲಲ್ಲಿ ಇರ್ಲಿಲ್ಲಮ್ಮ. ಕಲ್ಲಿನ ಹಿಂದೆ ಬಣ್ಣದ ತಗಡು ಇಡ್ತಾರೆ, ಅದ್ರಲ್ಲಿತ್ತು. ಇದು ಬಿಳಿ ಕಲ್ಲು, ಮೊದ್ಲಿಂದ್ಲೂ."

ಅಮ್ಮನಿಗೆ ಸಿಟ್ಟು ಬಂತು. "ಅಂದ್ರೆ ನಿಮ್ಮ ತಾತ ನಮ್ಮಮ್ಮಂಗೆ ಮೋಸ ಮಾಡಿದ್ರಾ?"

ಆಚಾರ್ರಿಗೂ ಸಿಟ್ಟು ಬಂತು. "ಮೋಸ ಹೆಂಗಾಗತ್ತೆ? ಆಗ ಯಾರಾದ್ರೂ ಕಲ್ಲು ಕೊಟ್ಟು ಮನೆಗೆ ಹೋಗ್ತಿದ್ರಾ? ಎದುರುಗಡೆ ಮಣೆ ಹಾಕ್ಕೊಂಡು ಕೂರೋರು, ಕೊನೇ ಕಲ್ಲು ಮುಚ್ಚೋವರ್ಗೂ ಏಳ್ತಿರ್ಲಿಲ್ಲ. ತಾತ ಒಂದೊಂದೇ ತಗಡು ಕಲ್ಲಿನ ಕೆಳಗಿಟ್ಟು ತೋರ್ಸೋರು. ಬಣ್ಣ ಆರಿಸ್ತಿದ್ದವ್ರೇ ಮನೆ ಹೆಂಗಸ್ರು. ಎದ್ದು ಹೊರಡೋವಾಗ ನೀರು ಸೋಕಿಸ್ಬೇಡಿ ಅಂತ ಹೇಳಿ ಕಳಿಸೋರು."

ಇದು ಈ ಓಣಿಗಳಿಗೆಲ್ಲ ಗೊತ್ತಿದ್ದ ವಿದ್ಯೆಯಂತೆ. ಒಂದು ಜಗುಲಿಯಲ್ಲಿ ಸಾಣೆಚಕ್ರದ ಮೇಲೆ ಕಲ್ಲು ತೀಡುವವರು, ಪಕ್ಕದ ಮನೆಯಲ್ಲಿ ತಗಡು ಬಡಿಯುವವರು, ಅದರ ಆಚೆ ಕೂರಿಸುವವರು. ಈಗ ಸಾಣೆಯ ಸದ್ದಿಲ್ಲ. ಮೆಶಿನ್ನಿನಲ್ಲಿ ತೀಡಿದ ಕಲ್ಲು ಜೈಪುರದಿಂದ ಕೊರಿಯರ್‌ನಲ್ಲಿ ಬರುತ್ತದೆ. ಆಚಾರ್ರ ಪಾಲಿಗೆ ಉಳಿದಿರುವುದು ರಿಪೇರಿ ಕೆಲಸ, ಅದೂ ನಮ್ಮಂಥವರು ಅಂಟುವಾಳದ ನೀರು ಕಾಯಿಸಿದಾಗ.

"ಈಗ ಯಾವ ಬಣ್ಣ ಹಾಕ್ಲಿ?" ಅಂತ ಕೇಳಿದರು. "ಕೆಂಪೇ ಆಗ್ಬೇಕಂತಿಲ್ಲ. ಹಸಿರು ಇಟ್ರೆ ಪಚ್ಚೆ ಥರಾನೇ ಕಾಣತ್ತೆ."

ಅಮ್ಮ ಅಡ್ಡಿಕೆಯನ್ನು ವಾಪಸ್ಸು ಚೀಲಕ್ಕೆ ಹಾಕಿಕೊಂಡಳು. ಅಜ್ಜಿ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಪೇಟೆಗೆ ಹೋಗಿ, ಇಡೀ ದಿನ ಕೂತು ಅಡ್ಡಿಕೆ ಮಾಡಿಸಿದ ಕಥೆಯನ್ನು ನಮಗೆ ಹೇಳುತ್ತಿದ್ದವಳು ಅಮ್ಮನೇ. ಕೂತು ಮಾಡಿಸಿದ್ದಾಳೆ ಅಂದಮೇಲೆ ನೋಡಿದ್ದಾಳೆ. ಅಂದರೆ ಅಜ್ಜಿಗೆ ಗೊತ್ತಿತ್ತು!

ಮೆಟ್ಟಿಲಿಳಿಯುವಾಗ ನಾನು ಮೆಲ್ಲಗೆ ಅಂದೆ. "ಕೆಂಪು ತಗಡನ್ನೇ ಹಾಕಿಸ್ಬಿಡೋಣಮ್ಮ. ಯಾರಿಗೂ ಗೊತ್ತಾಗಲ್ಲ."

"ನಮ್ಮಮ್ಮನೂ ಹಂಗೇ ಅಂದ್ಕೊಂಡ್ಳು" ಅಂದಳು ಅಮ್ಮ. ಆಮೇಲೆ ಆಟೋದವನನ್ನು ಕೂಗಿ ಮಲ್ಲೇಶ್ವರ ಅಂದಳು.

ಚಿಕ್ಕಮ್ಮ ಬಾಗಿಲು ತೆಗೆದು, ಅಮ್ಮನ ಕಡೆ ನೋಡಿ, "ಬನ್ನಿ" ಅಂದಳು. ಅದೇ ಬಹುವಚನ. ಅಮ್ಮ ಕೂರಲೂ ಇಲ್ಲ. ಅಡ್ಡಿಕೆಯನ್ನು ಟೀಪಾಯಿಯ ಮೇಲಿಟ್ಟು, ಒಂದೂ ಬಿಡದೆ ಹೇಳಿದಳು. ಅಂಟುವಾಳ, ಅರಗು, ತಗಡು, ಮಣೆ, ಎಲ್ಲ. ಚಿಕ್ಕಮ್ಮ ನಗುತ್ತಾಳೆ, ಇಲ್ಲವೇ ತಕ್ಕ ಶಾಸ್ತಿಯಾಯಿತು ಅನ್ನುತ್ತಾಳೆ ಅಂತ ನಾನು ಕಾದಿದ್ದೆ.

ಅವಳು ಆ ಬಿಳಿ ಕಲ್ಲುಗಳನ್ನೇ ನೋಡುತ್ತಿದ್ದಳು. ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಸರದಲ್ಲಿ ಅದೇ ಹಸಿರು ಪದಕ. ಬೈದುಕೊಂಡೇ ದಿನವೂ ಹಾಕಿಕೊಳ್ಳುತ್ತಿದ್ದಾಳೆ!

"ಅಕ್ಕ," ಅಂದಳು. "ನಂಗೂ ಹೇಳಿದ್ಲು ಕಣೆ ಅಮ್ಮ. ಸ್ನಾನಕ್ಕೆ ಮುಂಚೆ ತೆಗ್ದಿಡು, ನೀರು ಸೋಕಿಸ್ಬೇಡ ಅಂತ."

ಅಮ್ಮ ಅಲ್ಲೇ ಸೋಫಾದ ಮೇಲೆ ಕೂತಳು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಅಕ್ಕನ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ಪದಕವನ್ನು ನೀರಿಗೆ ಹಾಕಿ ನೋಡೋಣ ಅಂತ ಯಾರೂ ಅನ್ನಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ಎರಡರಲ್ಲೂ ಅದೇ ಬಿಳಿ ಕಲ್ಲು. ಅಜ್ಜಿ ಇಬ್ಬರಿಗೂ ಸರಿಸಮವಾಗಿಯೇ ಹಂಚಿದ್ದಳು. ಒಂದು ಮಾತು ಬಾಯಿಬಿಟ್ಟಿದ್ದರೆ ಆ ಜಗಳ ಅವತ್ತೇ, ಆ ನಡುಮನೆಯಲ್ಲೇ ಮುಗಿಯುತ್ತಿತ್ತು. ಅವಳು ಅಕ್ಕಿ ಆರಿಸುತ್ತಾ ಕೂತಳು.

ಮಕ್ಕಳು ದೂರವಾದರೂ ಸರಿ, ಕಲ್ಲು ಕೆಂಪಾಗಿಯೇ ಇರಲಿ ಅಂದುಕೊಂಡಳಾ ನಮ್ಮಜ್ಜಿ?