ದೊಡ್ಡವ್ವನ ಹಾಲಿನ ಪಿಎಚ್

ಮೊನ್ನೆ ನಂಜನಗೂಡಿನ ನಮ್ಮ ಶಾಲೆಯ ಲ್ಯಾಬಿನಲ್ಲಿ ಹಸಿ ಹಾಲಿನ ವಾಸನೆ ಬಂತು. ಹತ್ತನೇ ಕ್ಲಾಸಿನವರಿಗೆ ಪಿಎಚ್ ಪಾಠ. ಮನೆಯಿಂದ ಏನಾದರೂ ಒಂದು ದ್ರವ ತನ್ನಿ, ಆಮ್ಲವೋ ಕ್ಷಾರವೋ ನೋಡೋಣ ಎಂದಿದ್ದೆ. ನಿಂಬೆರಸ, ಹುಣಸೆ ನೀರು, ಸೋಪಿನ ನೀರು ಎಲ್ಲ ಬಂದಿತ್ತು. ತಲೆಹರಟೆಯೊಬ್ಬ ಸೀದಾ ಹೊಳೆಗೆ ಹೋಗಿ ಕಪಿಲೆಯ ನೀರನ್ನೇ ತುಂಬಿಕೊಂಡು ಬಂದಿದ್ದ. ಕೊನೆಯಲ್ಲಿ ಹುಡುಗಿಯೊಬ್ಬಳು ಬಾಟಲಿಯ ಮುಚ್ಚಳ ತೆಗೆದಳು. ಬೆಳಗ್ಗೆ ಕರೆದ ಹಾಲು, ಹಸುವಿನ ಮೈ ವಾಸನೆ ಇನ್ನೂ ಬಿಟ್ಟಿರಲಿಲ್ಲ. "ನೀವೇ ನೋಡಿ ಮಿಸ್" ಎಂದಳು. ನೀನೇ ನೋಡಮ್ಮ ಎಂದು ಕಾಗದದ ಪಟ್ಟಿಯನ್ನು ಅವಳ ಕೈಗೆ ಕೊಟ್ಟು ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಹಾಲನ್ನು ಮಾತ್ರ ನಾನು ಅಳೆಯುವುದಿಲ್ಲ. ಒಮ್ಮೆ ಅಳೆದದ್ದೇ ಸಾಕಾಗಿದೆ.

ನಮ್ಮೂರು ಟಿ. ನರಸೀಪುರ ತಾಲ್ಲೂಕಿನಲ್ಲಿ, ಹೆಮ್ಮಿಗೆ ದಾಟಿಕೊಂಡು ಹೋಗಬೇಕು. ಅಲ್ಲಿ ನಮ್ಮ ಪಕ್ಕದ ಮನೆಯವಳು ದೊಡ್ಡವ್ವ. ರಕ್ತಸಂಬಂಧ ಏನೂ ಇಲ್ಲ, ಅಮ್ಮ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದಳು, ಹಾಗಾಗಿ ನನಗೆ ದೊಡ್ಡವ್ವ. ಗಂಡ ತೀರಿಕೊಂಡಿದ್ದ. ನಾಟಿ, ಕಳೆ ಎಂದು ಕೂಲಿಗೆ ಹೋಗಿ ಬಂದು ಮಿಕ್ಕ ಹೊತ್ತೆಲ್ಲ ಕೊಟ್ಟಿಗೆಯಲ್ಲೇ ಇರುತ್ತಿದ್ದಳು. ಅಲ್ಲಿ ಅವಳದೊಂದು ಸೀಮೆಹಸು. ಅದರ ಹಾಲೇ ಅವಳ ಜೀವನ, ಅವಳ ಜಂಬ ಕೂಡ. "ನನ್ ಆಲ್ಗೆ ನೀರ್ ಸೋಕ್ಸಿದ್ರೆ ನನ್ ಕೈ ಸೇದೋಗ್ಲಿ" ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದಳು. ಬಾಯಿ ಜೋರು. ಆದರೆ ನನ್ನ ಪರೀಕ್ಷೆ ಬಂತೆಂದರೆ ರಾತ್ರಿ ಊಟದ ಹೊತ್ತಿಗೆ ಒಂದು ಲೋಟ ಬಿಸಿ ಹಾಲು ನಮ್ಮ ಜಗಲಿಗೆ ಬರುತ್ತಿತ್ತು. ಕುಡಿದು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದಳು.

ನಾನು ಬಿಎಸ್ಸಿ ಮುಗಿಸಿ ಬಿಎಡ್ ಸೀಟಿಗೆ ಕಾಯುತ್ತಿದ್ದೆ. ಆ ಬೇಸಿಗೆಯಲ್ಲಿ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವನು ಬೇರೆ ಕೆಲಸ ಸಿಕ್ಕಿ ಹೋದ. ಸೆಕ್ರೆಟರಿ ನಮ್ಮ ಮನೆಗೇ ಬಂದು, ಕೆಮಿಸ್ಟ್ರಿ ಓದಿರೋ ಹುಡುಗಿ ಮನೇಲಿ ಯಾಕೆ ಕೂತಿರ್ಬೇಕು ಎಂದರು. ನನಗೂ ಅದೇ ಬೇಕಿತ್ತು. ಊರಿಗೆಲ್ಲ ಸಿಹಿ ಹಂಚುವುದೊಂದು ಬಾಕಿ, ದೊಡ್ಡವ್ವನಿಗೆ ಅಷ್ಟು ಖುಷಿ. ಸಾಲಿನಲ್ಲಿ ನಿಂತವರಿಗೆಲ್ಲ "ನಮ್ ಕೂಸು ಕಣ್ರವ್ವ" ಎಂದು ನನ್ನನ್ನು ತೋರಿಸುತ್ತಿದ್ದಳು.

ಆಗ ಡೈರಿಗೆ ಒಂದು ತಲೆನೋವು ಅಂಟಿಕೊಂಡಿತ್ತು. ಸೆಕೆಗೆ ಹಾಲು ಬೇಗ ಹುಳಿಯಾಗುತ್ತದೆ. ಅದು ಗೊತ್ತಾಗದಿರಲಿ ಎಂದು ಯಾರೋ ಅಡುಗೆ ಸೋಡ ಬೆರೆಸುತ್ತಿದ್ದರು. ನರಸೀಪುರಕ್ಕೆ ಹೋದ ನಮ್ಮೂರ ಹಾಲು ವಾಪಸ್ ಬಂತು. ಹೇಗಾದರೂ ಆ ಕಳ್ಳರನ್ನು ಹಿಡಿಯಮ್ಮ ಎಂದು ಸೆಕ್ರೆಟರಿ ಪೆನ್ನಿನ ಹಾಗಿದ್ದ ಒಂದು ಪಿಎಚ್ ಮೀಟರ್ ತಂದುಕೊಟ್ಟರು. ಒಳ್ಳೆಯ ಹಾಲು ಆರೂವರೆಯ ಮೇಲೆ, ಏಳಕ್ಕಿಂತ ಕೆಳಗೆ ತೋರಿಸುತ್ತದೆ. ಏಳು ದಾಟಿತೆಂದರೆ ಕ್ಷಾರ. ಸೋಡ ಕ್ಷಾರ. ನನ್ನ ತಲೆಯಲ್ಲಿದ್ದ ಲೆಕ್ಕ ಅಷ್ಟೇ.

ಒಂದು ದಿನ ಸಂಜೆ ಎಲ್ಲರ ಹಾಲೂ ಸರಿಯಾಗಿತ್ತು. ದೊಡ್ಡವ್ವ ಪಾತ್ರೆಯ ಮೇಲಿನ ಬಟ್ಟೆ ಸರಿಸಿ ನಗುತ್ತಾ ಮುಂದಿಟ್ಟಳು. ಮೀಟರ್ ಏಳು ಪಾಯಿಂಟ್ ಎರಡು ತೋರಿಸಿತು. ತೊಳೆದು ಮತ್ತೆ ಅದ್ದಿದೆ, ಅದೇ. ಕ್ಷಾರವಿದ್ದರೆ ಬಣ್ಣ ತಿರುಗುವ ದ್ರಾವಣ ಒಂದಿತ್ತು, ಅದನ್ನೂ ಹಾಕಿದೆ. ಹಾಲು ಗುಲಾಬಿಯಾಯಿತು.

"ಸೋಡ ಹಾಕಿದ್ದೀಯಾ ದೊಡ್ಡವ್ವ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ಬುಡು ಕೂಸೇ, ತಮಾಸೆ ಮಾಡ್ಬೇಡ" ಎಂದು ಇನ್ನೂ ನಗುತ್ತಿದ್ದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಾಲು ಬದಿಗಿಟ್ಟು, ಮನೆಗೆ ಹೋಗಿ ವಿಚಾರಿಸಬಹುದಿತ್ತು. ಅಯ್ಯೋ, ನನ್ನ ಬಿಎಸ್ಸಿ ಬಿಡಬೇಕಲ್ಲ! ಸಾಲಿನಲ್ಲಿದ್ದ ಒಬ್ಬರು, ಅಯ್ಯೋ ಪಾಪ, ಆರೂ ಮುಕ್ಕಾಲೋ ಏಳೋ, ಎಷ್ಟು ಮಹಾ ವ್ಯತ್ಯಾಸ ಎಂದರು. ನಾನು ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಬರೆಯತೊಡಗಿದೆ. ಮಾಮೂಲಿ ಹಾಲು ಆರು ಪಾಯಿಂಟ್ ಆರು, ಇದು ಏಳು ಪಾಯಿಂಟ್ ಎರಡು. ಕಳೆದರೆ ಸೊನ್ನೆ ಪಾಯಿಂಟ್ ಆರು. ನೋಡುವುದಕ್ಕೆ ಚಿಕ್ಕದು. ಆದರೆ ಪಿಎಚ್‌ನಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು, ಸೊನ್ನೆ ಪಾಯಿಂಟ್ ಆರು ಎಂದರೆ ನಾಲ್ಕು ಪಟ್ಟು. ಹಾಲಿನಲ್ಲಿ ಆಮ್ಲದ ಅಯಾನುಗಳು ಕಾಲು ಭಾಗಕ್ಕೆ ಇಳಿದಿವೆ ಎಂದು ವಿವರಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು, ಇವತ್ತಿಗೂ ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಅಲ್ಲಿದ್ದವರ ಕಿವಿಗೆ ಬಿದ್ದದ್ದು ಒಂದೇ ಮಾತು. "ನಾಕ್ ಪಟ್ಟಂತೆ ಕಣ್ಲಾ!" ಎಂದು ಸಾಲಿನ ತುದಿಯವರೆಗೂ ಹೋಯಿತು. ದೊಡ್ಡವ್ವ ಎಲ್ಲರಿಗಿಂತ ನಾಲ್ಕು ಪಟ್ಟು ಸೋಡ ಸುರಿದಿದ್ದಾಳೆ ಎಂದು ಊರು ತೀರ್ಮಾನ ಮಾಡಿತು. ಹಾಗಲ್ಲ ಎಂದು ನಾನು ತಿದ್ದಲಿಲ್ಲ. ಜನ ನನ್ನ ಲೆಕ್ಕಕ್ಕೆ ಬೆರಗಾಗಿದ್ದರು, ಅದು ನನಗೆ ಹಿತವಾಗಿತ್ತು...

"ನಾನ್ ಏನೂ ಆಕಿಲ್ಲ ಕಣ್ ಕೂಸೇ. ನಿನ್ ಆಣೆ" ಎಂದಳು. ಆಗ ನಗು ಇರಲಿಲ್ಲ.

ಡೈರಿ ಅವಳ ಹಾಲು ನಿಲ್ಲಿಸಿತು. ಮನೆ ಮನೆಗೆ ಕೊಡಲು ಹೋದಳು, ಯಾರೂ ಕೊಳ್ಳಲಿಲ್ಲ. ಮಕ್ಕಳ ಬಾಯಿಗೆ ಹೆಸರು ಬೇರೆ ಸಿಕ್ಕಿತು, ಸೋಡದವ್ವ ಎಂದು. ಆಮೇಲೆ ದೊಡ್ಡವರೂ ಹಾಗೇ ಕರೆದರು. ವಿಚಿತ್ರ ನೋಡಿ, ಅವಳ ಹಾಲು ನಿಂತ ಮೇಲೂ ಸೋಡದ ದೂರು ಬಂತು. ಇವಳನ್ನು ನೋಡಿ ಇನ್ಯಾರೋ ಕಲಿತಿದ್ದಾರೆ ಎಂದು ಅದನ್ನೂ ಅವಳ ತಲೆಗೇ ಕಟ್ಟಿದರು.

ಕೆಲವು ದಿನಗಳಲ್ಲಿ ಹಸುವಿನ ಕೆಚ್ಚಲು ಒಂದು ಕಡೆ ಊದಿ ಕಲ್ಲಾಯಿತು. ಹಾಲಿನ ಜೊತೆ ರಕ್ತ ಬಂತು. ನರಸೀಪುರದಿಂದ ದನದ ಡಾಕ್ಟರು ಬಂದಾಗ ಅಮ್ಮನ ಜೊತೆ ನಾನೂ ಕೊಟ್ಟಿಗೆಯಲ್ಲಿದ್ದೆ. ಕೆಚ್ಚಲು ಬಾವು, ಒಳಗೊಳಗೇ ಬಹಳ ದಿನದಿಂದ ಇದೆ ಎಂದರು. ಮೊದಮೊದಲು ಕಣ್ಣಿಗೆ ಏನೂ ಕಾಣುವುದಿಲ್ಲವಂತೆ. ರಕ್ತದಲ್ಲಿರುವ ಕ್ಷಾರದ ಅಂಶ ಹಾಲಿಗೆ ಇಳಿದು ಪಿಎಚ್ ಏರುತ್ತದೆ, ಅದೇ ಗುರುತಂತೆ. "ಏಳು ದಾಟಿದ ದಿನವೇ ಹೇಳಿದ್ರೆ ಕೆಚ್ಚಲು ಉಳಿಸ್ಕೋಬೋದಿತ್ತು. ಡೈರೀಲಿ ಟೆಸ್ಟ್ ಮಾಡೋರು ಯಾರೂ ನೋಡ್ಲಿಲ್ವಾ?" ಎಂದು ಕೇಳಿದರು.

ನೋಡಿದವಳು ನಾನೇ, ಅವರ ಪಕ್ಕದಲ್ಲೇ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದೆ. ದೊಡ್ಡವ್ವ ನನ್ನ ಮುಖವನ್ನೊಮ್ಮೆ ನೋಡಿದಳು. ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಡಾಕ್ಟರ ಮುಂದಿಟ್ಟಳು. ಹಸು ಬದುಕಿತು, ಆದರೆ ಹಾಲು ಬತ್ತಿತು. ಬನ್ನೂರಿನ ಕಡೆಯ ದಲ್ಲಾಳಿಯೊಬ್ಬ ಬಂದು ಅದನ್ನು ಕೊಂಡು ಹೊಡೆದುಕೊಂಡು ಹೋದ.

ಖಾಲಿ ಕೊಟ್ಟಿಗೆ ಗುಡಿಸುತ್ತಿದ್ದವಳ ಮುಂದೆ ನಿಂತು ಅತ್ತೆ. ತಪ್ಪಾಯಿತು ದೊಡ್ಡವ್ವ, ನೀನು ಏನೂ ಹಾಕಿರಲಿಲ್ಲ ಎಂದೆ. ಅವಳು ಪೊರಕೆ ನಿಲ್ಲಿಸಿ ನೆಟ್ಟಗೆ ನಿಂತಳು.

"ನಾನ್ ಆಕಿಲ್ಲ ಅಂತ ನಂಗೊತ್ತಿಲ್ವಾ ಕೂಸೇ? ನಂಗ್ಯಾಕ್ ಏಳ್ತೀಯೆ. ಡೈರಿ ತಾವ್ ಓಗಿ ಏಳು."

ನಾಳೆ ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಮರುದಿನ ಸಾಲು ಉದ್ದವಿತ್ತು, ಅದರ ಮರುದಿನ ಸೆಕ್ರೆಟರಿ ಇರಲಿಲ್ಲ... ಹೀಗೇ ನೆಪಗಳು. ಓದಿದವಳು, ಇಷ್ಟು ಜನರ ಎದುರು ನನಗೆ ಗೊತ್ತಿರಲಿಲ್ಲ ಎನ್ನುವುದು ಹೇಗೆ? ಅಷ್ಟರಲ್ಲಿ ಬಿಎಡ್ ಸೀಟು ಸಿಕ್ಕಿತು, ಊರು ಬಿಟ್ಟೆ. ಹಬ್ಬಕ್ಕೆ ಹೋದಾಗಲೆಲ್ಲ ದೊಡ್ಡವ್ವ ಮಾತಾಡಿಸುತ್ತಿದ್ದಳು, ಊಟ ಆಯ್ತಾ ಎನ್ನುತ್ತಿದ್ದಳು. ಡೈರಿಯ ಮಾತು ಮತ್ತೆ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎಷ್ಟೋ ವರ್ಷದ ಹಿಂದೆ ಅವಳು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಊರೆಲ್ಲ ಸೇರಿತ್ತು. ಅಲ್ಲೂ ಬಾಯಿ ಬಿಡಲಿಲ್ಲ. ಇಂಥವಳು ಮಕ್ಕಳಿಗೆ ಪಾಠ ಹೇಳುತ್ತೇನೆ, ಥೂ.

ಲ್ಯಾಬಿನಲ್ಲಿ ಆ ಹಾಲು ಕಂಡ ಮೇಲೆ ತಡೆಯಲಾಗಲಿಲ್ಲ. ಭಾನುವಾರ ಬಸ್ಸು ಹತ್ತಿದೆ. ಊರು ಮುಟ್ಟಿದಾಗ ಸಂಜೆಯ ಹಾಲಿನ ಹೊತ್ತು. ಡೈರಿಗೆ ಹೊಸ ಕಟ್ಟಡ, ಸೆಕ್ರೆಟರಿಯೂ ಹೊಸಬ. ಒಂದು ಮಾತು ಹೇಳಬೇಕು ಎಂದೆ. ಸಾಲಿನಲ್ಲಿದ್ದವರೂ ತಿರುಗಿದರು. ದೊಡ್ಡವ್ವ ಹಾಲಿಗೆ ಏನೂ ಬೆರೆಸಿರಲಿಲ್ಲ, ಹಸುವಿಗೆ ಕಾಯಿಲೆಯಿತ್ತು, ತಪ್ಪು ತಿಳಿದು ಅವಳ ಮಾನ ಕಳೆದವಳು ನಾನು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಯಾವ್ ದೊಡ್ಡವ್ವ ಮೇಡಂ?" ಎಂದ ಸೆಕ್ರೆಟರಿ.

ಅವಳ ಹೆಸರು ಹೇಳಿದೆ. ಮುಖ ಮುಖ ನೋಡಿಕೊಂಡರು. ಗಂಡನ ಹೆಸರು ಹೇಳಿದೆ, ಮನೆಯಿದ್ದ ಜಾಗ ಹೇಳಿದೆ. ಅಲ್ಲಿ ಈಗ ಬೇರೆಯವರ ತಾರಸಿ ಮನೆಯಿದೆ. "ಗೊತ್ತಾಗ್ನಿಲ್ಲ ಕಣವ್ವ" ಎಂದು ಹೆಂಗಸೊಬ್ಬಳು ತನ್ನ ಹಾಲಿನ ಕಡೆ ತಿರುಗಿದಳು. ನನಗೆ ಬೇರೆ ದಾರಿ ತೋಚಲಿಲ್ಲ.

"ಸೋಡದವ್ವ ಅಂತಿದ್ರಲ್ಲ..." ಎಂದೆ.

"ಓ, ಸೋಡದವ್ವನಾ! ಅಂಗನ್ನಿ ಮತ್ತೆ" ಎಂದು ಸಾಲಿಗೆ ಸಾಲೇ ನಕ್ಕಿತು. ಊರೆಲ್ಲ ಆ ಹೆಸರು ಹಿಡಿದು ಕರೆಯುವಾಗಲೂ ನಾನೊಬ್ಬಳು ಅದನ್ನು ಬಾಯಲ್ಲಿ ಆಡಿರಲಿಲ್ಲ. ಅದನ್ನು ಅಳಿಸಲೆಂದು ಹೋದ ದಿನ ನಾನೂ ಆಡಿಬಿಟ್ಟೆ.